ಚಾರ್ಮತ್ ಕಡಲ ದಂಡೆಯಲ್ಲಿ ಪಳೆಯುಳಿಕೆ ಹುಡುಕಿದ ದಿನ (ಉದ್ದ ಬರಹ, ಕೊನೆಯಲ್ಲಿ ಎರಡು ಮೂರು ಪ್ರಶ್ನೆ ಇವೆ)

ತಿಪಟೂರು ತೆಂಗು | ಭಾನುವಾರ, ರಾತ್ರಿ 8:15

ನಿನ್ನೆಯ ಕಥೆ. ಮೈಕೈ ನೋವು ಇನ್ನೂ ಇಳಿದಿಲ್ಲ, ಮರೆಯೋ ಮುಂಚೆ ಬರೆದುಬಿಡೋಣ ಅಂತ ಕೂತಿದ್ದೇನೆ.

ನಾನು ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಬಂದು ನಾಲ್ಕು ವರ್ಷ ಆಯಿತು. ಇಲ್ಲಿ ಪರಿಚಯವಾದವರಲ್ಲಿ ಧಾರವಾಡದ ಅಣ್ಣ ಒಬ್ಬರಿದ್ದಾರೆ. ಹೆಸರು ಬೇಡ, ಅವರೂ ಈ ವೇದಿಕೆಯಲ್ಲಿ ಆಗಾಗ ಇಣುಕುತ್ತಾರೆ. ಓದಿದ್ದು ಭೂವಿಜ್ಞಾನ, ಮಾಡುವ ಕೆಲಸ ಸಾಫ್ಟ್‌ವೇರ್. ಹದಿನೇಳು ವರ್ಷದಿಂದ ಚಳಿಗಾಲದ ಶನಿವಾರಗಳನ್ನೆಲ್ಲ ಡಾರ್ಸೆಟ್ ಕಡಲಿಗೆ ಬರೆದುಕೊಟ್ಟಿದ್ದಾರೆ. ಅವರ ಗ್ಯಾರೇಜಿನಲ್ಲಿ ಕಾರು ನಿಂತಿದ್ದನ್ನು ನಾನಂತೂ ನೋಡಿಲ್ಲ. ಬರೀ ಕಲ್ಲು. ಅತ್ತಿಗೆ ಆ ಗ್ಯಾರೇಜಿಗೆ "ನನ್ನ ಸವತಿ" ಅಂತಾರೆ.

ಹೋದ ವಾರ ಮೂರು ದಿನ ಬಿರುಗಾಳಿ ಬೀಸಿತಲ್ಲ, ಶುಕ್ರವಾರ ಸಂಜೆ ಅವರ ಫೋನು. "ತಮ್ಮಾ, ಗಾಳಿ-ಮಳಿ ಭಾಳ ಆಗ್ಯದ. ಗುಡ್ಡ ಜರಿದಿರ್ತದ. ನಾಳೆ ಮುಂಜಾನೆ ಏಳಕ್ಕ ತಯಾರಿರು." ಊರೆಲ್ಲ ಬಿರುಗಾಳಿಗೆ ಬೈಯುವಾಗ ಇವರೊಬ್ಬರು ಹಬ್ಬ ಬಂದವರ ಹಾಗೆ ಮಾತಾಡುತ್ತಿದ್ದರು.

ಯಾಕೆ ಅಂತ ದಾರಿಯಲ್ಲಿ ಹೇಳಿದರು. ಡಾರ್ಸೆಟ್‌ನ ಚಾರ್ಮತ್ ಮತ್ತು ಲೈಮ್ ರೀಜಿಸ್ ಊರುಗಳ ನಡುವಿನ ಗುಡ್ಡಗಳು ಜುರಾಸಿಕ್ ಕಾಲದ ಸಮುದ್ರದ ಕೆಸರು. 19 ಕೋಟಿ ವರ್ಷಕ್ಕೂ ಹಿಂದಿನದು. ಕಲ್ಲು ಅನ್ನೋದಕ್ಕಿಂತ ಗಟ್ಟಿಯಾದ ಮಣ್ಣು ಅನ್ನಬಹುದು. ಮಳೆ ಬಿದ್ದರೆ ಜರಿಯುತ್ತದೆ, ಅಲೆ ಬಂದು ಮಣ್ಣು ತೊಳೆಯುತ್ತದೆ, ಒಳಗಿದ್ದ ಗಟ್ಟಿ ವಸ್ತುಗಳು ದಂಡೆಯಲ್ಲಿ ಉಳಿಯುತ್ತವೆ. ಹಾಗಾಗಿ ಚಳಿಗಾಲವೇ ಸುಗ್ಗಿ. ಬೇಸಿಗೆಯಲ್ಲಿ ಹೋದರೆ ಐಸ್‌ಕ್ರೀಮ್ ಸಿಗುತ್ತದೆ ಅಷ್ಟೆ.

ಹೊರಡುವ ಮುಂಚೆ ಅವರು ನೋಡಿದ್ದು ಹವಾಮಾನ ಅಲ್ಲ, ಭರತ-ಇಳಿತದ ಪಟ್ಟಿ. ಮಧ್ಯಾಹ್ನ 12:40ಕ್ಕೆ ಪೂರ್ತಿ ಇಳಿತ. ನೀರು ಹಿಂದೆ ಸರಿಯುತ್ತಿರುವಾಗ ದಂಡೆಗೆ ಇಳಿಯಬೇಕು, ತಿರುಗಿ ಏರುವ ಮುಂಚೆ ವಾಪಸ್ ಬಂದಿರಬೇಕು. ಭರತ ಬಂದಾಗ ನೀರು ಗುಡ್ಡದ ಬುಡಕ್ಕೇ ಬಂದು ಬಡಿಯುತ್ತದೆ. ಆಗ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಜರಿಯುವ ಗುಡ್ಡ. ನಡುವೆ ನೀವು.

ಒಂಬತ್ತೂವರೆಗೆ ಇಳಿದೆವು. ನಾನು ಸಿನಿಮಾ ನೋಡಿ ಹಾಳಾದವನು. ಸುತ್ತಿಗೆ ಹಿಡಿದು ಗುಡ್ಡ ಅಗೆಯೋದು ಅಂದುಕೊಂಡಿದ್ದೆ. ಸೀದಾ ಬುಡದ ಕಡೆ ಹೊರಟೆ. ಹಿಂದಿನಿಂದ ಜೋರು ದನಿ. "ಏ! ಈ ಕಡೆ ಬಾ. ಗುಡ್ಡಕ್ಕ ಕೈ ಹಚ್ಚೂ ಹಂಗಿಲ್ಲ. ತಲಿ ಮ್ಯಾಲೆ ಬಿದ್ರ ನೀನೂ ಪಳೆಯುಳಿಕೆ ಆಗ್ತಿ." ಅವರ ಮಾತು ಮುಗಿದು ಹತ್ತು ನಿಮಿಷಕ್ಕೆ ಮೇಲಿನಿಂದ ಒಂದು ಬುಟ್ಟಿಯಷ್ಟು ಮಣ್ಣು ಸರಸರ ಸುರಿಯಿತು. ಆಮೇಲೆ ನಾನು ಆ ಕಡೆ ತಲೆ ಹಾಕಿ ಮಲಗಲಿಲ್ಲ.

ಮೊದಲ ಒಂದು ಗಂಟೆ ನನಗೆ ಕಂಡಿದ್ದೆಲ್ಲ ಪಳೆಯುಳಿಕೆ. ಎಳೆ ಎಳೆಯಾಗಿದ್ದ ಕಲ್ಲೊಂದನ್ನು ಡೈನೋಸಾರ್ ಮೂಳೆ ಅಂತ ಎರಡು ಕೈಯಲ್ಲಿ ಹೊತ್ತು ತಂದೆ. ಅದು ಬರೀ ಸುಣ್ಣದ ಹರಳಿನ ಪದರವಂತೆ. ಮಾಂಸದ ಎಳೆಯಂತೆ ಕಾಣುತ್ತದೆ ಅಂತ ಹಿಂದಿನ ಕಲ್ಲುಕುಟಿಕರು ಅದಕ್ಕೆ 'ಬೀಫ್' ಅಂತ ಹೆಸರಿಟ್ಟರು, ಭೂವಿಜ್ಞಾನಿಗಳೂ ಅದನ್ನೇ ಉಳಿಸಿಕೊಂಡರು. ಆಮೇಲೆ ಲೈಮ್ ಕಡೆ ನಡೆಯುವಾಗ ತುಕ್ಕು ಹಿಡಿದ, ಸುತ್ತಲೂ ಗೆರೆ ಗೆರೆ ಇದ್ದ ಒಂದು ಉದ್ದನೆಯ ವಸ್ತು ಸಿಕ್ಕಿತು. ನಾನು ಸಂಭ್ರಮದಿಂದ ಓಡಿ ಬಂದೆ. ಅಣ್ಣ ತಿರುಗಿಸಿ ನೋಡಿ ಹೇಳಿದರು, "ಸ್ಪಾರ್ಕ್ ಪ್ಲಗ್." ಆ ಕಡೆ ಇಳಿಜಾರಿನಲ್ಲಿ ಊರಿನ ಹಳೆಯ ಕಸದ ಗುಂಡಿ ಇತ್ತಂತೆ. 2008ರ ಮೇ ತಿಂಗಳಲ್ಲಿ ಸುಮಾರು 400 ಮೀಟರ್ ಉದ್ದಕ್ಕೆ ಗುಡ್ಡ ಜರಿದಾಗ ಅದೂ ಕೆಳಗೆ ಬಂತು. ಈಗ ಒಡೆದ ಪಿಂಗಾಣಿ, ಬಾಟಲಿ ಚೂರು, ಮೊಳೆ, ನಟ್ಟು ಬೋಲ್ಟು ಎಲ್ಲವೂ ಜುರಾಸಿಕ್ ಜೊತೆಗೇ ಬಿದ್ದಿವೆ.

ಆದರೆ ಆ ತುಕ್ಕು ಮೊಳೆಯೇ ಅಂದಿನ ಪಾಠ ಆಯಿತು. ಅಣ್ಣ ಕೇಳಿದರು, "ನಿಮ್ಮವ್ವ ಮರದಾಗ ಅಕ್ಕಿ ಕೇರೂದು ನೋಡೀಯಿಲ್ಲೋ?" ನೋಡಿದ್ದೇನೆ. ನಮ್ಮ ಕಡೆ ಮೊರ ಅಂತೀವಿ. ತೂರಿ ಕೊಡವಿದರೆ ಹೊಟ್ಟು ಒಂದು ಕಡೆ, ನುಚ್ಚು ಒಂದು ಕಡೆ, ಕಲ್ಲು ಒಂದು ಕಡೆ. ಸಮುದ್ರವೂ ಅದನ್ನೇ ಮಾಡುತ್ತದೆ. ಅಮೊನೈಟ್ ಅಂದರೆ ಸುರುಳಿ ಚಿಪ್ಪಿನ, ಈಗ ಅಳಿದುಹೋದ ಸಮುದ್ರಜೀವಿ. ಇಲ್ಲಿನ ಸಣ್ಣ ಅಮೊನೈಟ್‌ಗಳು ಪೈರೈಟ್ ಆಗಿವೆ, ಅಂದರೆ ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ. ಸಾಮಾನ್ಯ ಬೆಣಚುಕಲ್ಲಿಗಿಂತ ಹತ್ತಿರ ಹತ್ತಿರ ಎರಡರಷ್ಟು ಭಾರ. ಅಲೆ ಅವನ್ನು ಬೇರೆ ಭಾರದ ವಸ್ತುಗಳ ಜೊತೆಗೇ ತಂದು ಕೂಡಿಸುತ್ತದೆ. ಹಾಗಾಗಿ ಜಲ್ಲಿ ನಡುವೆ ಎಲ್ಲಿ ಮೊಳೆ, ಕಬ್ಬಿಣದ ಚೂರು, ಕಪ್ಪಗೆ ಮಿನುಗುವ ಪುಡಿ ಕಾಣುತ್ತದೋ ಅಲ್ಲಿ ಕೂರಬೇಕು. ನಡೆಯಬಾರದು, ಕೂರಬೇಕು.

ಕೂತೆ. ಐದು ನಿಮಿಷ ಏನೂ ಇಲ್ಲ. ಬರೀ ಜಲ್ಲಿ. ಆಮೇಲೆ ಇದ್ದಕ್ಕಿದ್ದ ಹಾಗೆ ಒಂದು ಕಲ್ಲು ಕಲ್ಲಾಗಿರಲಿಲ್ಲ. ಹಳೆಯ ನಾಲ್ಕಾಣೆಗಿಂತ ಚಿಕ್ಕದು. ಸುರುಳಿ ಸುತ್ತಿದೆ, ಸುರುಳಿಯ ಮೇಲೆ ಅಡ್ಡಡ್ಡ ಗೀರು, ಒಂದೊಂದೂ ಉಗುರಿಗೆ ಸಿಗುತ್ತದೆ. ಬಣ್ಣ ಹೇಗೆ ಅಂದರೆ, ಹುಣಸೆಹಣ್ಣು ಹಾಕಿ ಉಜ್ಜದೆ ಆರು ತಿಂಗಳು ಬಿಟ್ಟ ಹಿತ್ತಾಳೆ ದೀಪದ ಬಣ್ಣ. ಒದ್ದೆ ಬೆರಳಲ್ಲಿ ಉಜ್ಜಿದರೆ ಒಳಗಿನಿಂದ ಹೊಳಪು. ಪ್ರೊಮೈಕ್ರೊಸೆರಾಸ್ ಅನ್ನೋ ಅಮೊನೈಟ್ ಅಂದರು ಅಣ್ಣ. ನಾನು ಜೋರಾಗಿ "ಸಾಲಿಗ್ರಾಮ!" ಅಂದೆ. ನಮ್ಮಜ್ಜಿ ಮನೆಯ ದೇವರ ಪೆಟ್ಟಿಗೆಯಲ್ಲಿ ನೋಡಿದ್ದು ಇದೇ ಚಕ್ರ.

ಒಂದು ಸಿಕ್ಕ ಮೇಲೆ ಸಾಲು ಸಾಲು. ಅರ್ಧ ಗಂಟೆಯಲ್ಲಿ ಹನ್ನೊಂದು. ಬೆಲೆಮ್ನೈಟ್ ಅಂತೂ ಕೇಳಬೇಡಿ, ಪ್ರೈಮರಿ ಸ್ಕೂಲ್ ಮುಂದೆ ಬಳಪದ ಕಡ್ಡಿ ಚೆಲ್ಲಿದ ಹಾಗೆ ಬಿದ್ದಿವೆ. ಕಟಲ್‌ಫಿಶ್ ಅನ್ನೋ ಸಮುದ್ರಜೀವಿಯ ದೂರದ ನೆಂಟನ ಮೈಯೊಳಗಿನ ಗಟ್ಟಿ ಭಾಗವಂತೆ ಅದು. ಐದು ಮೂಲೆಯ ನಕ್ಷತ್ರದಂಥ ಪುಟಾಣಿ ಚೂರುಗಳೂ ಸಿಕ್ಕವು, ರಂಗೋಲಿ ಚುಕ್ಕಿಯಷ್ಟು. ಕ್ರಿನಾಯ್ಡ್ ಅನ್ನೋ ಸಮುದ್ರಜೀವಿಯ ಕಾಂಡದ ಬಿಲ್ಲೆಗಳು.

ಈಗ ತಪ್ಪೊಪ್ಪಿಗೆ. ಉಂಡೆ ಕಲ್ಲೊಂದರ ಅಂಚಿನಲ್ಲಿ ಬಿಳಿ ಗೆರೆ ಕಂಡಿತು. ಅಣ್ಣ ದೂರದಲ್ಲಿದ್ದರು. ಅವರ ಚೀಲದಿಂದ ಸುತ್ತಿಗೆ ತೆಗೆದು ಒಂದು ಏಟು ಕೊಟ್ಟೆ. ಕಲ್ಲು ಎರಡಾಯಿತು, ಒಳಗಿನ ಅಮೊನೈಟ್ ನಾಲ್ಕಾಯಿತು. ಅಂಗೈ ಅಗಲದ್ದು. ಅವರು ಬಂದು ನೋಡಿ ಬೈಯಲಿಲ್ಲ, ಅದೇ ಕಷ್ಟ ಆಗಿದ್ದು. "ಕನ್ನಡಕ ಹಾಕ್ಕೊಂಡಿದ್ದೇನು?" ಅಂತ ಕೇಳಿದರು. ಇಲ್ಲ. "ಕಲ್ಲಿನ ಚಕ್ಕಿ ಕಣ್ಣಾಗ ಹೋಗಿದ್ರ?" ನಾನು ಸುಮ್ಮನಿದ್ದೆ. ಚೂರುಗಳನ್ನೆಲ್ಲ ಹೆಕ್ಕಿಸಿ, ಟಾಯ್ಲೆಟ್ ಪೇಪರಿನಲ್ಲಿ ಒಂದೊಂದಾಗಿ ಸುತ್ತಿಸಿ, ಒಂದೇ ಡಬ್ಬಿಗೆ ಹಾಕಿಸಿದರು. ಅಂಟಿಸಬಹುದಂತೆ.

ಅದಾದ ಮೇಲೆ ಬೂಟು ಕೆಸರಿನಲ್ಲಿ ಹೂತು ಎಡಗಾಲು ಬರಿಗಾಲಾಗಿ ಹೊರಬಂದಿದ್ದು ಇನ್ನೊಂದು ಕಥೆ, ಬಿಡಿ. ಮೇಲೆ ಗಟ್ಟಿ, ಒಳಗೆ ಹಿಟ್ಟು. ಬೂಟು ತೆಗೆಯಲು ಇಬ್ಬರೂ ಸೇರಿ ಎಳೆಯಬೇಕಾಯಿತು.

ಊಟದ ಹೊತ್ತು. ಅಣ್ಣ ಒಂದು ಬಂಡೆ ಮೇಲೆ ಕೂತು ಫ್ಲಾಸ್ಕ್ ತೆಗೆದರು. ನನ್ನನ್ನು ನೋಡಿ ಹೇಳಿದರು, "ನಿನ್ನ ಸುತ್ತ ಮೂರು ಹೆಜ್ಜಿ ಒಳಗ ಒಂದು ಛಲೋ ವಸ್ತು ಅದ. ಹುಡುಕು. ನಾ ಹೇಳೂದಿಲ್ಲ." ಮಂಡಿ ಊರಿದೆ. ಚಳಿ ನೀರು ಪ್ಯಾಂಟಿಗೆ ಏರುತ್ತಿದೆ. ಒಂದೊಂದೇ ಕಲ್ಲು ತಿರುಗಿಸಿದೆ. ಇಪ್ಪತ್ತು ನಿಮಿಷ. ಕೊನೆಗೆ ನನ್ನದೇ ಬೂಟಿನ ಗುರುತಿನೊಳಗೆ ಒತ್ತಿ ಹೋಗಿದ್ದ ಕಪ್ಪು ಬಿಲ್ಲೆ ಒಂದು ಕಣ್ಣಿಗೆ ಬಿತ್ತು. ಕೇರಂ ಸ್ಟ್ರೈಕರ್ ಅಗಲ, ದಪ್ಪ ಜಾಸ್ತಿ. ಎರಡೂ ಕಡೆ ತಟ್ಟೆಯ ಹಾಗೆ ತಗ್ಗು. ಅಂಚು ಸ್ವಲ್ಪ ಮುರಿದಿತ್ತು, ಮುರಿದ ಕಡೆ ರಸ್ಕಿನಲ್ಲಿರುವಂಥ ಸಣ್ಣ ಸಣ್ಣ ತೂತು.

ತಂದು ತೋರಿಸಿದೆ. ಅಣ್ಣನಿಗೆ ಚಹಾ ನೆತ್ತಿಗೇರಿ ಕೆಮ್ಮು ಬಂತು. ಸುಧಾರಿಸಿಕೊಂಡು "ಹಾಂ... ಅದ, ಅದ" ಅಂದರು. ಇಕ್ತಿಯೋಸಾರ್ ಅನ್ನೋ ಜುರಾಸಿಕ್ ಕಾಲದ ಸಮುದ್ರ ಸರೀಸೃಪದ ಬೆನ್ನುಮೂಳೆಯ ಒಂದು ಮಣಿ! ಆ ಜಾಗದ ಮೇಲೆ ನಾನು ಎರಡು ಸಲ ನಡೆದಿದ್ದೆ. ದಂಡೆಯ ಹತ್ತಿರವೇ ಇರುವ ಚಾರ್ಮತ್ ಹೆರಿಟೇಜ್ ಕೋಸ್ಟ್ ಸೆಂಟರ್‌ನಲ್ಲಿ ತೋರಿಸಿದೆವು, ಅವರೂ ಹೌದು ಅಂದರು. ಅಣ್ಣ ಅದನ್ನು ನನಗೇ ಇಟ್ಟುಕೋ ಅಂದರು.

ಈಗ ಪ್ರಶ್ನೆ. ಪೈರೈಟ್ ಅಮೊನೈಟ್‌ಗಳನ್ನು ಊರಿಗೆ ತೆಗೆದುಕೊಂಡು ಹೋಗಬೇಕು ಅಂತಿದ್ದೇನೆ, ಹೇಗೆ ಇಡೋದು? ಸಾಲಿಗ್ರಾಮ ನಿಜವಾಗಲೂ ಇದೇನಾ? ಮತ್ತೆ, ನಮ್ಮ ಕರ್ನಾಟಕದಲ್ಲಿ ಇಂಥದ್ದು ಯಾಕೆ ಸಿಗಲ್ಲ?

---

ಕೋಟೆ ಊರಿನವ | ಭಾನುವಾರ, ರಾತ್ರಿ 8:52

ಚೆನ್ನಾಗಿ ಬರೆದಿದ್ದೀರಿ. ಆದರೆ ನನ್ನ ಪ್ರಶ್ನೆ ಬೇರೆ. ಆ ಮೂಳೆ ಯಾರದ್ದು? ಮೊದಲು ಕಂಡವರು ಅಣ್ಣ. ನೀವು ಬರೀ ಎತ್ತಿದವರು. ನಮ್ಮ ಕಡೆ ಹುಣಸೆ ತೋಪಿನಲ್ಲಿ ಜೇನು ಮೊದಲು ಕಂಡವನದ್ದು, ಕಿತ್ತವನಿಗೆ ಪಾಲು ಅಷ್ಟೆ.

---

ತಿಪಟೂರು ತೆಂಗು | ಭಾನುವಾರ, ರಾತ್ರಿ 8:58

ಇಪ್ಪತ್ತು ನಿಮಿಷ ಮಂಡಿ ಊರಿದವನು ನಾನು ಸ್ವಾಮಿ. ಕೂಲಿ ಅಂತಲಾದರೂ ಬಿಡಿ.

---

ಪಡುಬಿದ್ರಿ ಅಕ್ಕ | ಭಾನುವಾರ, ರಾತ್ರಿ 9:30

ಪೈರೈಟ್ ವಿಷಯಕ್ಕೆ ನಾನು ಹೇಳುತ್ತೇನೆ, ಅನುಭವಿಸಿದವಳು. ನಮ್ಮ ಯಜಮಾನರು ಅಲ್ಲಿ ಎರಡು ವರ್ಷ ಕೆಲಸದಲ್ಲಿದ್ದಾಗ ನಾವೂ ಚಾರ್ಮತ್‌ಗೆ ಹೋಗಿದ್ದೆವು. ಒಂದು ಇಪ್ಪತ್ತು ಅಮೊನೈಟ್ ತಂದು ಊರಿನ ಮನೆಯ ಶೋಕೇಸಿನಲ್ಲಿ ಹತ್ತಿಯ ಮೇಲೆ ಚಂದ ಮಾಡಿ ಇಟ್ಟೆ. ನಮ್ಮ ಕಡೆಯ ಮಳೆಗಾಲ ಗೊತ್ತಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಪ್ಪಳವೂ ಒಣಗುವುದಿಲ್ಲ. ಮೊದಲ ವರ್ಷ ಏನೂ ಆಗಲಿಲ್ಲ. ಎರಡನೆಯ ಮಳೆಗಾಲದಲ್ಲಿ ಶೋಕೇಸ್ ಬಾಗಿಲು ತೆಗೆದರೆ ಪಟಾಕಿ ಹೊಡೆದ ಮರುದಿನದ ವಾಸನೆ. ಅಮೊನೈಟ್ ಮೇಲೆ ಬೂದಿಬಣ್ಣದ ಹುಡಿ. ಹತ್ತಿ ಹಳದಿ ಕಂದು ಆಗಿ, ಮುಟ್ಟಿದರೆ ಪುಡಿ. ಎತ್ತಿ ನೋಡಿದರೆ ಅಡಿಯ ಮರಕ್ಕೂ ಕಲೆ.

ಆಮೇಲೆ ಗೊತ್ತಾಯಿತು, ಪೈರೈಟ್‌ಗೆ ಗಾಳಿಯ ತೇವ ತಾಗಿದರೆ ಅದು ಕಬ್ಬಿಣದ ಸಲ್ಫೇಟ್ ಆಗುತ್ತದೆ, ಜೊತೆಗೆ ಗಂಧಕಾಮ್ಲವೂ ಹುಟ್ಟುತ್ತದೆ. ಅದೇ ಆಮ್ಲ ಪಕ್ಕದ್ದನ್ನೂ ತಿನ್ನುತ್ತದೆ. ಒಂದು ಹಾಳಾದರೆ ಡಬ್ಬಿಯೇ ಹಾಳು, ಕೊಳೆತ ಮಾವಿನ ಹಾಗೆ. ಇಪ್ಪತ್ತರಲ್ಲಿ ಉಳಿದದ್ದು ಮೂರು.

ಹಾಗಾಗಿ ಮೊದಲು ಸಿಹಿ ನೀರಿನಲ್ಲಿ ನೆನೆಹಾಕಿ, ನೀರು ಬದಲಿಸುತ್ತಾ ಉಪ್ಪು ತೆಗೆಯಿರಿ. ಆಮೇಲೆ ಪೂರ್ತಿ ಒಣಗಿಸಿ. ಗಾಳಿ ಆಡದ ಡಬ್ಬಿಯಲ್ಲಿ, ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುತ್ತದಲ್ಲ ಆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಹತ್ತಿ ಬೇಡವೇ ಬೇಡ. ಬೆಲೆಮ್ನೈಟ್‌ಗೆ ಈ ತಾಪತ್ರಯ ಇಲ್ಲ, ಅದು ಸುಣ್ಣದ ಅಂಶ. ನಮ್ಮ ಮನೆಯಲ್ಲಿ ಇನ್ನೂ ಹಾಗೇ ಇದೆ, ಮೊಮ್ಮಗ ಅದರಲ್ಲಿ ಗೋಡೆಗೆ ಗೀಚುತ್ತಾನೆ.

---

ಅಡ್ಡಗೋಡೆ ದೀಪ | ಸೋಮವಾರ, ಬೆಳಿಗ್ಗೆ 7:10

ಎಲ್ಲರೂ ಹೊಗಳುತ್ತಿದ್ದೀರಿ, ನಾನೊಬ್ಬ ಕೆಟ್ಟವನಾಗುತ್ತೇನೆ. ಆ ಕರಾವಳಿ 2001ರಿಂದ ವಿಶ್ವ ಪರಂಪರೆ ತಾಣ. ಅಲ್ಲಿಂದ ಚೀಲ ತುಂಬಿಕೊಂಡು ಬರೋದು ಸರೀನಾ? ಹಂಪಿಗೆ ಹೋದವರೆಲ್ಲ ಒಂದೊಂದು ಕಲ್ಲು ಎತ್ತಿಕೊಂಡು ಬಂದರೆ ನಾವು ಸುಮ್ಮನಿರುತ್ತೇವಾ?

---

ವಿಟ್ಬಿ ಹತ್ತಿರದವಳು | ಸೋಮವಾರ, ಬೆಳಿಗ್ಗೆ 11:25

ಕೇಳಬೇಕಾದ ಪ್ರಶ್ನೆಯೇ. ಆದರೆ ಹಂಪಿಯ ಹೋಲಿಕೆ ಇಲ್ಲಿ ಕೂರುವುದಿಲ್ಲ. ಹಂಪಿಯ ಕಂಬ ನಾಳೆಯೂ ಅಲ್ಲೇ ಇರುತ್ತದೆ. ದಂಡೆಗೆ ಬಿದ್ದ ಅಮೊನೈಟ್ ಇರುವುದಿಲ್ಲ. ಕೆಲವು ಭರತಗಳಲ್ಲಿ ಅಲೆ ಅದನ್ನು ಸವೆಸಿ ಜಲ್ಲಿ ಮಾಡುತ್ತದೆ, ಇಲ್ಲಾ ಒಳಗೆ ಎಳೆದುಕೊಂಡು ಹೋಗುತ್ತದೆ. ಯಾರೂ ಎತ್ತದಿದ್ದರೆ ಅದು ಉಳಿಯೋದಿಲ್ಲ, ಸಾಯುತ್ತದೆ.

ಅಲ್ಲಿ ನಿಯಮವೂ ಇದೆ. ದಂಡೆಯಲ್ಲಿ ಸಡಿಲವಾಗಿ ಬಿದ್ದದ್ದನ್ನು ಎತ್ತಬಹುದು. ಗುಡ್ಡ ಅಗೆಯಲು ಅನುಮತಿ ಬೇಕು. ವಿಜ್ಞಾನಕ್ಕೆ ಮುಖ್ಯವಾದದ್ದು ಸಿಕ್ಕರೆ ಸೆಂಟರ್‌ನಲ್ಲಿ ದಾಖಲಿಸಬೇಕು. ಸವೆದ ಒಂಟಿ ಬೆನ್ನುಮಣಿಗೆ ಅದರ ಅಗತ್ಯ ಬರಲ್ಲ, ಆದರೆ ಎರಡು ಮೂರು ಮಣಿ ಒಟ್ಟಿಗೆ ಕಂಡರೆ ಕೈ ಹಾಕದೆ ಮೊದಲು ಹೋಗಿ ತಿಳಿಸಿ. ಪಕ್ಕದಲ್ಲೇ ಮಿಕ್ಕ ಪ್ರಾಣಿ ಮಲಗಿರಬಹುದು.

ಇನ್ನು ಎಲ್ಲ ಕಡೆಯೂ ಇದೇ ನಿಯಮ ಅಂದುಕೊಳ್ಳಬೇಡಿ. ಬೇರೆ ಬೇರೆ ದಂಡೆಗೆ ಬೇರೆ ಬೇರೆ ಒಡೆಯರು, ಹೋಗುವ ಮುಂಚೆ ವಿಚಾರಿಸಬೇಕು.

ಅಂದಹಾಗೆ ನಮ್ಮ ವಿಟ್ಬಿಯಲ್ಲಿ ಅಮೊನೈಟ್‌ಗೆ ಹಾವಿನ ಕಲ್ಲು ಅಂತ ಹೆಸರು. ಸಂತ ಹಿಲ್ಡಾ ಊರಿನ ಹಾವುಗಳನ್ನೆಲ್ಲ ಕಲ್ಲು ಮಾಡಿದಳು ಅಂತ ಕಥೆ. ಕಲ್ಲಿಗೆ ತಲೆ ಇಲ್ಲವಲ್ಲ ಅಂತ ಗಿರಾಕಿ ಕೇಳಿದರೆ? ಹಿಂದಿನ ವ್ಯಾಪಾರಿಗಳು ತಾವೇ ತಲೆ ಕೆತ್ತಿ ಮಾರಿದರು. ಹಾಗೆ ತಲೆ ಕೆತ್ತಿದವು ಮ್ಯೂಸಿಯಂನಲ್ಲಿವೆ, ಕಣ್ಣು ಬಾಯಿ ಸಮೇತ.

---

ಅಡ್ಡಗೋಡೆ ದೀಪ | ಸೋಮವಾರ, ಬೆಳಿಗ್ಗೆ 11:40

ಅಲೆ ಸವೆಸುತ್ತೆ ಅನ್ನೋದು ಒಪ್ಪಿದೆ. ಹನ್ನೊಂದು ಯಾಕೆ ಬೇಕಿತ್ತು ಅನ್ನೋದು ಇನ್ನೂ ಒಪ್ಪಿಲ್ಲ.

---

ಅಗ್ರಹಾರದ ಅಂಚು | ಸೋಮವಾರ, ಮಧ್ಯಾಹ್ನ 1:05

ಸಾಲಿಗ್ರಾಮದ ಪ್ರಶ್ನೆಗೆ. (ಮೈಸೂರು ಜಿಲ್ಲೆಯ ಸಾಲಿಗ್ರಾಮಕ್ಕೆ ಬಸ್ ಹಿಡಿಯಬೇಡಿ, ನಮ್ಮ ಭಾವ ಒಮ್ಮೆ ಅಂಗಡಿ ಹುಡುಕಿಕೊಂಡು ಹೋಗಿದ್ದರು.) ಹೌದು, ಅದೂ ಅಮೊನೈಟೇ. ನೇಪಾಳದ ಕಾಳಿ ಗಂಡಕಿ ನದಿಯಲ್ಲಿ, ಮುಕ್ತಿನಾಥದ ಕಡೆಯಿಂದ ಬರುತ್ತದೆ. ಕಪ್ಪು ಜೇಡಿಕಲ್ಲಿನ ಉಂಡೆ, ಒಳಗೆ ಚಕ್ರ. ಅದೂ ಜುರಾಸಿಕ್, ಆದರೆ ನಿಮ್ಮ ಚಾರ್ಮತ್‌ನದ್ದಕ್ಕಿಂತ ಕೆಲವು ಕೋಟಿ ವರ್ಷ ಚಿಕ್ಕದು. ಹಿಮಾಲಯ ಏಳುವ ಮುಂಚೆ ಅಲ್ಲಿದ್ದ ಟೆಥಿಸ್ ಸಮುದ್ರದ ತಳ ಅದು.

ನಮ್ಮ ಮನೆಯಲ್ಲಿ ಒಂಬತ್ತು ಇವೆ. ಚಿಕ್ಕವನಿದ್ದಾಗ ಅಭಿಷೇಕ ಆದ ಮೇಲೆ ಒರೆಸಿ ಇಡುವ ಕೆಲಸ ನನ್ನದು. ಒಂದಕ್ಕೆ ಪಕ್ಕದಲ್ಲಿ ಸಣ್ಣ ಬಾಯಿ, ವದನ ಅಂತೀವಿ. ದೀಪದ ಹತ್ತಿರ ಹಿಡಿದರೆ ಒಳಗೆ ಗೀರು ಗೀರಾದ ಚಕ್ರದ ಅರ್ಧ ಕಾಣುತ್ತದೆ. ವಜ್ರಕೀಟ ಅನ್ನೋ ಹುಳ ಕೊರೆದದ್ದು ಅಂತ ತಾತ ಹೇಳುತ್ತಿದ್ದರು. ಕಾಲೇಜಿನಲ್ಲಿ ಅಮೊನೈಟ್ ಬಗ್ಗೆ ಓದಿ ಬಂದು ದೊಡ್ಡ ಮನುಷ್ಯನ ಹಾಗೆ ತಾತನಿಗೆ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಅಂದ್ರೆ ಒಳಗೊಂದು ಪ್ರಾಣಿ ಇತ್ತು ಅನ್ನೋದು ನಿಮ್ಮ ಮೇಷ್ಟ್ರೂ ಒಪ್ಪಿದ್ರು ಅನ್ನು" ಅಂದರು. ನನಗೆ ಉತ್ತರ ಹೊಳೆಯಲಿಲ್ಲ.

ನಿಮ್ಮ ಪೈರೈಟ್ ಅಮೊನೈಟ್‌ಗೆ ಮಾತ್ರ ಅಭಿಷೇಕ ಮಾಡಬೇಡಿ. ಮೇಲಿನ ಅಕ್ಕನ ಮಾತು ಓದಿದ ಮೇಲೆ ಹೇಳುತ್ತಿದ್ದೇನೆ.

---

ಗುಬ್ಬಿ ಮೇಷ್ಟ್ರು | ಸೋಮವಾರ, ಸಂಜೆ 6:20

ಮೂರನೆಯ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ, ಭೂವಿಜ್ಞಾನ ಪಾಠ ಮಾಡಿ ನಿವೃತ್ತನಾದವನು ನಾನು ಬಿಡುತ್ತೇನೆಯೇ.

ನಮ್ಮಲ್ಲಿ ಅಮೊನೈಟ್ ಸಿಗದಿರುವುದಕ್ಕೆ ಕಾರಣ ನಮ್ಮ ನೆಲ ಬಡವು ಅಂತಲ್ಲ, ಬಹಳ ಮುದುಕು ಅಂತ. ಲಾಲ್‌ಬಾಗಿನ ಬಂಡೆ ಇದೆಯಲ್ಲ, ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಆಗ ಚಿಪ್ಪು ಇಲ್ಲ, ಮೂಳೆ ಇಲ್ಲ. ಬರೀ ಸೂಕ್ಷ್ಮಜೀವಿಗಳು. ಅದರ ಮೇಲೆ ಆ ಬಂಡೆ ಭೂಮಿಯೊಳಗೆ ಬೆಂದು ಹಿಂಡಿ ಹಿಪ್ಪೆಯಾಗಿದೆ. ಅಂಥ ಕಲ್ಲಿನಲ್ಲಿ ಏನು ಹುಡುಕುತ್ತೀರಿ?

ಆದರೆ ಏನೂ ಇಲ್ಲ ಅನ್ನಬೇಡಿ. ತಿಪಟೂರಿನವರು ಅಂತೀರಿ, ನಿಮ್ಮದೇ ತುಮಕೂರು ಜಿಲ್ಲೆಯ ದೊಡ್ಡಗುಣಿಯ ಸುಣ್ಣದಕಲ್ಲಿನಲ್ಲಿ ಸ್ಟ್ರೊಮ್ಯಾಟೊಲೈಟ್ ಇದೆ. ಚಿತ್ರದುರ್ಗದ ಕಡೆ ಭೀಮಸಮುದ್ರದಲ್ಲೂ ಇದೆ, ಕೋಟೆ ಊರಿನವರು ಗಮನಿಸಿ. 250 ಕೋಟಿ ವರ್ಷಕ್ಕೂ ಹಳೆಯದು. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳು ಪಾಚಿಯ ಹಾಗೆ ಹಾಸಿಕೊಂಡು, ಮೇಲೆ ಕೂತ ಕೆಸರನ್ನು ಹಿಡಿದುಕೊಂಡು, ಮತ್ತೆ ಅದರ ಮೇಲೆ ಬೆಳೆದು ಪದರ ಪದರವಾಗಿ ಕಟ್ಟಿದ ಗುಪ್ಪೆಗಳು. ಅಡ್ಡ ಕೊಯ್ದ ಎಲೆಕೋಸಿನ ಹಾಗೆ ಕಾಣುತ್ತವೆ. ಬಾಗಲಕೋಟೆ ಕಡೆಯ ಕಲಾದಗಿ ಶಿಲಾಸಮೂಹದಲ್ಲೂ ಇವೆ, ಅವು ವಯಸ್ಸಿನಲ್ಲಿ ಚಿಕ್ಕವು. ನೋಡಲು ಇಕ್ತಿಯೋಸಾರ್‌ನಷ್ಟು ಚಂದ ಇಲ್ಲ, ಒಪ್ಪುತ್ತೇನೆ. ಆದರೆ ಅದರ ಮುಂದೆ ನಿಮ್ಮ ಇಕ್ತಿಯೋಸಾರ್ ನಿನ್ನೆ ಮೊನ್ನೆ ಹುಟ್ಟಿದ ಕೂಸು.

ಚಿಪ್ಪೇ ಬೇಕು ಅಂದರೆ ಗುರುಮಠಕಲ್ ಕಡೆ ಹೋಗಬೇಕು. ಅಲ್ಲಿ ದಖನ್ ಲಾವಾ ಪದರಗಳ ನಡುವೆ ಹಳೆಯ ಕೆರೆಗಳ ಕೆಸರು ಸಿಕ್ಕಿಕೊಂಡಿದೆ. ಸಿಹಿನೀರಿನ ಬಸವನಹುಳುವಿನ ಚಿಪ್ಪು ಅಲ್ಲಿನ ಕಲ್ಲಿನಲ್ಲಿವೆ.

---

ತಿಪಟೂರು ತೆಂಗು | ಸೋಮವಾರ, ಸಂಜೆ 6:41

ಮೇಷ್ಟ್ರೇ, ದೊಡ್ಡಗುಣಿ ನಮ್ಮ ಮನೆಯಿಂದ ಒಂದು ಗಂಟೆ ದಾರಿ. ಆ ಕಡೆ ನಮ್ಮ ಚಿಕ್ಕಮ್ಮನ ಮನೆ. ಎಷ್ಟು ಸಲ ಹೋಗಿ ಹೋಳಿಗೆ ತಿಂದು ಬಂದಿದ್ದೇನೆ. ಒಂದು ಕಲ್ಲೂ ನೋಡಿಲ್ಲ.

---

ಗುಬ್ಬಿ ಮೇಷ್ಟ್ರು | ಸೋಮವಾರ, ಸಂಜೆ 6:50

ಮುಂದಿನ ಸಲ ಹೋಳಿಗೆಗೆ ಮುಂಚೆ ನೋಡಿ. ಆಮೇಲೆ ನಿದ್ದೆ ಬರುತ್ತದೆ.

---

ಕಲ್ಬುರ್ಗಿ ಕಡಲೆ | ಸೋಮವಾರ, ರಾತ್ರಿ 9:15

ನಮ್ಮ ಮನಿ ಪಡಸಾಲಿಗೆ ಹಾಕಿದ ಪರಸಿ ಕಲ್ಲಿನಾಗ ಜರಿಗಿಡದ ಎಲಿ ಹಂಗ ಅಚ್ಚು ಮೂಡ್ಯಾದ. ಕರ್ರಗ, ಕೂದಲಿನಷ್ಟು ತೆಳ್ಳಗ, ಕವಲು ಕವಲು. ಊರ ಮಂದಿ ಎಲ್ಲಾ ಬಂದು ನೋಡಿ ಹೋಗ್ಯಾರ. ಇದು ಪಳೆಯುಳಿಕಿ ಏನ್ರೀ ಮೇಷ್ಟ್ರ?

---

ಗುಬ್ಬಿ ಮೇಷ್ಟ್ರು | ಸೋಮವಾರ, ರಾತ್ರಿ 9:48

ಬೇಜಾರು ಮಾಡಿಕೊಳ್ಳಬೇಡಿ. ಹೆಚ್ಚುಕಮ್ಮಿ ಖಂಡಿತ ಅಲ್ಲ. ಅದು ಡೆಂಡ್ರೈಟ್. ಕಲ್ಲಿನ ಸಂದಿಯಲ್ಲಿ ನೀರು ಇಳಿದಾಗ ಅದರಲ್ಲಿ ಕರಗಿದ್ದ ಮ್ಯಾಂಗನೀಸ್ ಕವಲೊಡೆದು ಹರಳಾಗುತ್ತದೆ. ಒಂದು ಗುರುತು ಹೇಳುತ್ತೇನೆ. ಎಲೆಗೆ ಒಂದು ಶಿಸ್ತು ಇರುತ್ತದೆ, ನಡುವೆ ನರ, ಎರಡೂ ಪಕ್ಕ ಲೆಕ್ಕವಿಟ್ಟ ಹಾಗೆ ದಳ. ಡೆಂಡ್ರೈಟ್‌ಗೆ ಆ ಲೆಕ್ಕ ಇಲ್ಲ, ದಾರಿ ಸಿಕ್ಕ ಕಡೆ ಹರಡುತ್ತದೆ. ಮತ್ತೆ ಸಾಮಾನ್ಯವಾಗಿ ಬಿರುಕಿನ ಅಂಚಿನಿಂದ ಶುರುವಾಗಿರುತ್ತದೆ. ನೋಡಿ ಹೇಳಿ.

---

ಕಲ್ಬುರ್ಗಿ ಕಡಲೆ | ಸೋಮವಾರ, ರಾತ್ರಿ 9:55

ಅಂಚಿನಿಂದನ ಶುರು ಆಗ್ಯಾದ್ರಿ. ಮನ್ಯಾಗ ಯಾರಿಗೂ ಹೇಳಂಗಿಲ್ಲ.

---

ಎರಡು ಮಕ್ಕಳ ತಾಯಿ | ಮಂಗಳವಾರ, ಬೆಳಿಗ್ಗೆ 10:30

ನಾವು ಬೆಂಗಳೂರಿನವರು. ಮಗಳಿಗೆ ಒಂಬತ್ತು ವರ್ಷ, ಡೈನೋಸಾರ್ ಹುಚ್ಚು. ಹತ್ತಿರದಲ್ಲಿ ಎಲ್ಲಿಗೆ ಕರೆದುಕೊಂಡು ಹೋಗಬಹುದು? ಮತ್ತೆ ಇಂಗ್ಲೆಂಡಿನ ಆ ದಂಡೆ ಮಕ್ಕಳಿಗೆ ಸುರಕ್ಷಿತವೇ? ನಾದಿನಿ ಅಲ್ಲೇ ಇದ್ದಾಳೆ.

---

ವಿಟ್ಬಿ ಹತ್ತಿರದವಳು | ಮಂಗಳವಾರ, ಮಧ್ಯಾಹ್ನ 12:10

ಭರತದ ಪಟ್ಟಿ ನೋಡಿ ಹೋದರೆ, ಗುಡ್ಡದಿಂದ ದೂರ ಇದ್ದರೆ, ಜರಿದ ಕೆಸರಿನ ಮೇಲೆ ಕಾಲಿಡದಿದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಬಹುದು. ನೆಲಕ್ಕೆ ಹತ್ತಿರ ಇರುವುದರಿಂದ ಅವರಿಗೇ ಮೊದಲು ಕಾಣುತ್ತದೆ. ಆದರೆ ಹಗುರವಾಗಿ ತಗೋಬೇಡಿ. ಲೈಮ್ ರೀಜಿಸ್‌ನ ಮೇರಿ ಆ್ಯನಿಂಗ್ ಬಗ್ಗೆ ಮಗಳಿಗೆ ಹೇಳಿ. ಹುಟ್ಟಿದ್ದು 1799ರಲ್ಲಿ. ಅವಳ ಅಣ್ಣ 1811ರಲ್ಲಿ ಇಕ್ತಿಯೋಸಾರ್ ತಲೆ ಕಂಡುಹಿಡಿದ, ಮಿಕ್ಕ ಮೈಯನ್ನು ಮರುವರ್ಷ ಹುಡುಕಿದವಳು ಇವಳು. ಆಗಿನ್ನೂ ಹದಿಮೂರು ತುಂಬುತ್ತಿತ್ತೋ ಇಲ್ಲವೋ. ಅಪ್ಪ ಮರಗೆಲಸದವರು, ಆಗಲೇ ತೀರಿಕೊಂಡಿದ್ದರು. ಪಳೆಯುಳಿಕೆ ಮಾರಿಯೇ ಆ ಮನೆ ನಡೆದದ್ದು. ಇಡೀ ಜೀವಮಾನ ಆ ದಂಡೆಯನ್ನು ಅರೆದು ಕುಡಿದವಳು. ಅಂಥವಳ ಪಕ್ಕದಲ್ಲೇ 1833ರಲ್ಲಿ ಗುಡ್ಡ ಜರಿದು ಅವಳ ನಾಯಿ ಟ್ರೇ ಸತ್ತುಹೋಯಿತು. ಅವಳು ಕೂದಲೆಳೆಯಲ್ಲಿ ಉಳಿದಳು. 2022ರಲ್ಲಿ ಊರಿನಲ್ಲಿ ಅವಳ ಪ್ರತಿಮೆ ನಿಲ್ಲಿಸಿದರು, ಜೊತೆಗೆ ಆ ನಾಯಿಯೂ ಇದೆ.

---

ಗುಬ್ಬಿ ಮೇಷ್ಟ್ರು | ಮಂಗಳವಾರ, ಮಧ್ಯಾಹ್ನ 3:00

ಬೆಂಗಳೂರಿನವರಿಗೆ: ತಮಿಳುನಾಡಿನ ಸಾತನೂರಿಗೆ ಹೋಗಿ. ಪೆರಂಬಲೂರು ಹತ್ತಿರ. ಕಲ್ಲಾದ ಮರದ ಕಾಂಡ, 18 ಮೀಟರ್ ಉದ್ದ, ಬಿದ್ದಲ್ಲೇ ಇದೆ. ಆ ಸುತ್ತಿನ ಅರಿಯಲೂರು ಸೀಮೆಯಲ್ಲಿ ಜುರಾಸಿಕ್ ಆದ ಮೇಲಿನ ಕ್ರಿಟೇಶಿಯಸ್ ಕಾಲದ ಅಮೊನೈಟ್, ಬೆಲೆಮ್ನೈಟ್ ಎಲ್ಲ ಇವೆ. ಮರದಿಂದ ಒಂದು ಚಕ್ಕೆಯನ್ನೂ ತೆಗೆಯುವಂತಿಲ್ಲ. ಅಲ್ಲಿ ಸಮುದ್ರ ತಿನ್ನುತ್ತಿಲ್ಲ, ನಾವು ತಿನ್ನದಿದ್ದರೆ ಸಾಕು. ಬಿಸಿಲು ಜಾಸ್ತಿ, ಡಿಸೆಂಬರ್ ಜನವರಿಯಲ್ಲಿ ಹೋಗಿ. ಮಗಳಿಗೆ ಟೋಪಿ, ನಿಮಗೆ ಮಜ್ಜಿಗೆ.

---

ಬೆಳವಲ | ಮಂಗಳವಾರ, ರಾತ್ರಿ 10:05

ತಮ್ಮಾ, ಎಲ್ಲಾ ಓದಿದೆ. ಛಲೋ ಬರದೀ. ಸವತಿ ಮಾತು ಬರೀಬಾರದಿತ್ತು, ನಿಮ್ಮ ಅತ್ತಿಗಿ ಓದ್ಯಾಳ.

ಎರಡು ಮಾತು. ಒಡದ ಅಮೊನೈಟ್ ಅಂಟಿಸೀನಿ, ಮೂರು ಚೂರು ಸರಿ ಕೂತಾವ, ನಾಲ್ಕನೇದ್ದು ಹೊಂದವಲ್ತು. ಚಕ್ಕಿ ಒಂದು ದಂಡಿ ಮ್ಯಾಲೇ ಉಳದದ ಅನಸ್ತದ.

ಎರಡನೇದು. ಅಲ್ಲಿ ಮೂಳಿ ಯಾರದ್ದು ಅಂತ ಮಂದಿ ಜಗಳಾ ಮಾಡಾಕತ್ತಾರ, ಅದಕ್ಕ ಹೇಳಬೇಕಾತು. ಅದನ್ನ ನಾ ನೋಡೇ ಇರಲಿಲ್ಲ. ಹೊಸಬರನ್ನ ಕರಕೊಂಡು ಹೋದಾಗೆಲ್ಲಾ ಚಹಾ ಕುಡಿಯೂ ಹೊತ್ತಿಗೆ ಹಂಗ ಹೇಳ್ತೀನಿ. ಮೂರು ಹೆಜ್ಜಿ ಒಳಗ ಒಂದು ಅದ ಅಂತ. ಓಡ್ಯಾಡವರು ಕೂಡ್ತಾರ, ನನಗೂ ಹತ್ತು ನಿಮಿಷ ಆರಾಮ. ಎಲ್ಲಾರೂ ಬೆಲೆಮ್ನೈಟ್ ತಂದು ತೋರಸ್ತಾರ, ನಾನೂ "ಹಾಂ, ಅದ" ಅಂತೀನಿ. ಹದಿನೇಳು ವರ್ಷದಾಗ ಮೂಳಿ ತಂದು ಮುಂದ ಹಿಡದವ ನೀ ಒಬ್ಬನ. ನನಗ ನನ್ನ ಮೊದಲನೇ ಬೆನ್ನುಮಣಿ ಸಿಗಾಕ ಏಳು ವರ್ಷ ಬೇಕಾಗಿತ್ತು. ಚಹಾ ನೆತ್ತಿಗೆ ಏರದ ಏನು ಮಾಡೀತು?

---

ಕೋಟೆ ಊರಿನವ | ಮಂಗಳವಾರ, ರಾತ್ರಿ 10:09

ನನ್ನ ಜೇನಿನ ಮಾತು ವಾಪಸ್ ತಗೊಂಡಿದ್ದೇನೆ.

---

ತಿಪಟೂರು ತೆಂಗು | ಮಂಗಳವಾರ, ರಾತ್ರಿ 10:14

ಅಣ್ಣಾ!! ಇಪ್ಪತ್ತು ನಿಮಿಷ! ಮಂಡಿ ಇನ್ನೂ ನೋಯುತ್ತಿದೆ!

ಅತ್ತಿಗೆಗೆ ಎಲ್ಲ ಹೇಳುತ್ತೇನೆ, ತಾಳಿ. ಬರುವ ಶನಿವಾರ ಇಳಿತ ಎಷ್ಟು ಹೊತ್ತಿಗೆ?

---

ಬೆಳವಲ | ಮಂಗಳವಾರ, ರಾತ್ರಿ 10:20

ಬರೂ ಶನಿವಾರ ಹೊತ್ತು ಹೊಂದೂದಿಲ್ಲ. ಅದರ ಮುಂದಿನ ಶನಿವಾರ, ಮಧ್ಯಾಹ್ನದ ಸುಮಾರಿಗೆ. ಬೂಟು ಒಣಗ್ಯಾವೇನು?